ಬೆಟ್ಟವಿಲ್ಲದ ಕೋಟೆ: ಆಲ್ಪ್ಸ್ ಕಣಿವೆಯ ಫೆನಿಸ್

(ಇತಿಹಾಸಾಸಕ್ತರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಕೋಟೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮೆಲ್ಲರ ಮನಸ್ಸಿಗೆ ಬರುವ ಚಿತ್ರ ಹೆಚ್ಚು ಕಡಿಮೆ ಒಂದೇ. ಕಡಿದಾದ ಬೆಟ್ಟ, ಅದರ ನೆತ್ತಿಯಲ್ಲಿ ಬುರುಜು, ಏರಿ ಹೋಗಲು ಇಕ್ಕಟ್ಟಾದ ಒಂದೇ ದಾರಿ. ಶತ್ರು ಬಂದರೆ ಮೇಲಿನಿಂದ ಕಲ್ಲು ಉರುಳಿಸಬಹುದು, ಬಾಣ ಬಿಡಬಹುದು. ಇಂದು ನಾನು ನಿಮಗೆ ಹೇಳಹೊರಟಿರುವ ಕೋಟೆ ಈ ಚಿತ್ರಕ್ಕೆ ಒಗ್ಗುವುದಿಲ್ಲ. ಸುತ್ತ ಬೇಕಾದಷ್ಟು ಬೆಟ್ಟಗಳಿವೆ. ಪಶ್ಚಿಮ ಯೂರೋಪಿನಲ್ಲೇ ಅತಿ ಎತ್ತರವಾದ ಪರ್ವತಗಳು ಅಲ್ಲಿಯೇ ಇವೆ. ಆದರೆ ಕೋಟೆ ಮಾತ್ರ ಅವುಗಳಲ್ಲಿ ಒಂದರ ಮೇಲೂ ಇಲ್ಲ. ಕೆಳಗೆ, ಹುಲ್ಲುಗಾವಲಿನ ನಡುವೆ, ದಿಬ್ಬ ಎಂದು ಕರೆಯಲೂ ಸಂಕೋಚಪಡಬೇಕಾದಷ್ಟು ಸಣ್ಣ ಏರಿನ ಮೇಲೆ ಅದು ಕುಳಿತಿದೆ. ಎತ್ತಿನ ಗಾಡಿ ಕೂಡ ಸಲೀಸಾಗಿ ಬಾಗಿಲವರೆಗೆ ಹೋಗಬಹುದು.

ಅದರ ಹೆಸರು ಫೆನಿಸ್. ಇರುವುದು ಇಟಲಿಯ ವಾಯವ್ಯ ಮೂಲೆಯ ಆವೊಸ್ತಾ ಕಣಿವೆಯಲ್ಲಿ. ಎರಡು ಸುತ್ತಿನ ಗೋಡೆ, ಹಲವು ಬುರುಜುಗಳು, ಗೋಡೆಯ ನೆತ್ತಿಯಲ್ಲಿ ಹಲ್ಲು ಹಲ್ಲಾದ ತೆನೆಗಳು, ಬಾಣ ಬಿಡುವ ಕಂಡಿಗಳು ಎಲ್ಲವೂ ಇವೆ. ಮಕ್ಕಳ ಪುಸ್ತಕದಲ್ಲಿ ಚಿತ್ರ ಬರೆದಂತಿದೆ. ಹಾಗಾದರೆ ಇಷ್ಟೆಲ್ಲ ಏರ್ಪಾಡು ಮಾಡಿದವರು ಕೋಟೆಯನ್ನು ಶತ್ರುವಿಗೆ ಇಷ್ಟು ಅನುಕೂಲವಾದ ಜಾಗದಲ್ಲಿ ಏಕೆ ಕಟ್ಟಿದರು? ಪತ್ರಿಕಾ ವೃತ್ತಿಯಲ್ಲಿ ನಮಗೆ ಮೊದಲು ಕಲಿಸುವುದು ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂದು ಕೇಳಲು. ಕೋಟೆಯನ್ನೂ ಹೀಗೆಯೇ ಕೇಳಬಹುದು.

ಕಣಿವೆ ಎಂಬ ಹೆದ್ದಾರಿ

ಮೊದಲು ಎಲ್ಲಿ ಎಂಬುದನ್ನು ನೋಡೋಣ. ಆವೊಸ್ತಾ ಇಟಲಿಯ ಅತಿ ಚಿಕ್ಕ ಪ್ರಾಂತ. ಒಂದು ಕಡೆ ಫ್ರಾನ್ಸ್, ಇನ್ನೊಂದು ಕಡೆ ಸ್ವಿಟ್ಜರ್‌ಲೆಂಡ್. ಪಶ್ಚಿಮದ ತುದಿಯಲ್ಲಿ 4,800 ಮೀಟರ್ ಮೀರಿದ ಮಾಂಟ್ ಬ್ಲಾಂಕ್, ಉತ್ತರದ ಗಡಿಯಲ್ಲಿ ಮ್ಯಾಟರ್‌ಹಾರ್ನ್ ಮತ್ತು ಮಾಂಟೆ ರೋಜಾ, ದಕ್ಷಿಣಕ್ಕೆ ಗ್ರಾನ್ ಪಾರಾಡಿಸೊ. ಇವುಗಳ ನಡುವೆ ಡೋರಾ ಬಾಲ್ಟೆಯಾ ಎಂಬ ನದಿ ಹಿಮದ ನೀರನ್ನು ಹೊತ್ತು ಕೆಳಗಿಳಿದು, ಬಯಲಿಗೆ ಬಂದು ಪೋ ನದಿಯನ್ನು ಸೇರುತ್ತದೆ. ನದಿ ಕೊರೆದ ಈ ಉದ್ದನೆಯ ತೊಟ್ಟಿಯೇ ಕಣಿವೆ.

ನಕಾಶೆಯಲ್ಲಿ ನೋಡಿದರೆ ಇದು ಲೋಕದಿಂದ ಮುಚ್ಚಿಹೋದ ಮೂಲೆ ಎನ್ನಿಸುತ್ತದೆ. ಇತಿಹಾಸ ಹೇಳುವುದು ಬೇರೆ. ಕಣಿವೆಯ ಮೇಲ್ತುದಿಯಲ್ಲಿ ಎರಡು ಘಟ್ಟದ ಹಾದಿಗಳಿವೆ. 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಸ್ವಿಟ್ಜರ್‌ಲೆಂಡಿಗೆ ದಾಟಿಸುತ್ತದೆ. 2,188 ಮೀಟರ್ ಎತ್ತರದ ಲಿಟಲ್ ಸೇಂಟ್ ಬರ್ನಾರ್ಡ್ ಫ್ರಾನ್ಸಿಗೆ ದಾಟಿಸುತ್ತದೆ. ರೋಮನ್ನರು ಸಲಾಸ್ಸಿ ಎಂಬ ಸ್ಥಳೀಯ ಬುಡಕಟ್ಟನ್ನು ಸೋಲಿಸಿ ಕ್ರಿ.ಪೂ. 25ರಲ್ಲಿ ಇಲ್ಲಿ ಊರು ಕಟ್ಟಿದ್ದು ಈ ಎರಡು ದಾರಿಗಳ ಸಲುವಾಗಿಯೇ. ಚಕ್ರವರ್ತಿ ಆಗಸ್ಟಸ್‌ನ ಹೆಸರಿನ ಆ ಊರೇ ಇಂದಿನ ಆವೊಸ್ತಾ. ಮಧ್ಯಯುಗದಲ್ಲಿ ಇದೇ ದಾರಿಯಲ್ಲಿ ವ್ಯಾಪಾರಿಗಳು ಬಂದರು, ರೋಮಿಗೆ ಹೋಗುವ ಯಾತ್ರಿಕರು ಬಂದರು, ಸೈನ್ಯಗಳೂ ಬಂದವು. ಸುಮಾರು 990ರಲ್ಲಿ ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ರೋಮಿನಿಂದ ಮರಳುವಾಗ ಇದೇ ಘಟ್ಟ ದಾಟಿ ಹೋದ. ಹಿಮದಲ್ಲಿ ಸಿಕ್ಕವರನ್ನು ಕಾಪಾಡಲು ಹನ್ನೊಂದನೇ ಶತಮಾನದಲ್ಲಿ ಘಟ್ಟದ ನೆತ್ತಿಯಲ್ಲಿ ಸನ್ಯಾಸಿಗಳ ಛತ್ರವೊಂದು ಎದ್ದಿತು.

ದಾರಿ ಇದ್ದಲ್ಲಿ ಸುಂಕ ಇರುತ್ತದೆ. ಸುಂಕ ಇದ್ದಲ್ಲಿ ಅದನ್ನು ಎತ್ತುವ ದೊರೆ ಇರುತ್ತಾನೆ. ದೊರೆಗೆ ಕೋಟೆ ಬೇಕು. ಆವೊಸ್ತಾ ಕಣಿವೆಯಲ್ಲಿ ಒಂದು ಕೋಟೆಯ ಬುರುಜಿನಿಂದ ಇನ್ನೊಂದು ಕಾಣುವಷ್ಟು ಹತ್ತಿರ ಹತ್ತಿರ ಹತ್ತಾರು ಕೋಟೆಗಳಿರುವುದು ಈ ಕಾರಣದಿಂದ.

ನಿಜವಾಗಿ ಶತ್ರುವನ್ನು ತಡೆಯಬೇಕಾದವರು ಎಲ್ಲಿ ಕಟ್ಟುತ್ತಾರೆ ಎಂಬುದಕ್ಕೂ ಇದೇ ಕಣಿವೆಯಲ್ಲಿ ಉದಾಹರಣೆ ಇದೆ. ಕಣಿವೆಯ ಬಾಗಿಲಲ್ಲಿ ಬಾರ್ಡ್ ಎಂಬ ಕಡೆ ಬಂಡೆಯೊಂದು ದಾರಿಗೆ ಅಡ್ಡ ನಿಂತಂತಿದೆ. ಒಂದು ಪಕ್ಕದಲ್ಲಿ ನದಿ, ಅದರಾಚೆ ಬೆಟ್ಟ. 1800ರ ಮೇ ತಿಂಗಳಲ್ಲಿ ನೆಪೋಲಿಯನ್ ತನ್ನ ಸೈನ್ಯದೊಡನೆ ಗ್ರೇಟ್ ಸೇಂಟ್ ಬರ್ನಾರ್ಡ್ ದಾಟಿ ಬಂದಾಗ, ಈ ಬಂಡೆಯ ಮೇಲಿನ ಕೋಟೆಯಲ್ಲಿದ್ದ ಕೆಲವೇ ನೂರು ಆಸ್ಟ್ರಿಯನ್ ಸೈನಿಕರು ಅವನ ಫಿರಂಗಿಗಳನ್ನು ದಿನಗಟ್ಟಲೆ ತಡೆದರು. ಕೋಟೆ ಕೈಗೆ ಬಂದ ಮೇಲೆ ಅದನ್ನು ನೆಲಸಮ ಮಾಡಲಾಯಿತು. ಇಂದು ಅಲ್ಲಿರುವುದು 1830ರಿಂದ 1838ರವರೆಗೆ ಮತ್ತೆ ಕಟ್ಟಿದ ದುರ್ಗ. ಯುದ್ಧಕ್ಕೆ ಬೇಕಾದ ಕೋಟೆ ಎಂದರೆ ಅದು. ಫೆನಿಸ್ ಅಂಥದ್ದಲ್ಲ.

ಬೀಗದ ಕೈ ಒಪ್ಪಿಸುವ ದೊರೆಗಳು

ಇನ್ನು ಯಾರು ಎಂಬ ಪ್ರಶ್ನೆ. ಫೆನಿಸ್‌ನ ಹೆಸರು ದಾಖಲೆಯಲ್ಲಿ ಮೊದಲು ಬರುವುದು 1242ರಲ್ಲಿ. ಆಗ ಅದು ಶಲ್ಲಾಂ ಎಂಬ ಮನೆತನದ ಗೊಟೊಫ್ರೆಡೊ ಮತ್ತು ಅವನ ತಮ್ಮಂದಿರ ಆಸ್ತಿ. ಶಲ್ಲಾಂ ಮನೆತನದವರು ಆವೊಸ್ತಾದ ವೈಕೌಂಟರು. ಎಂದರೆ, ಕಣಿವೆಯ ಒಡೆಯರಾದ ಸವಾಯ್ ವಂಶದ ಕೌಂಟರ ಪರವಾಗಿ ಆಡಳಿತ ನಡೆಸುವವರು. ಸವಾಯ್ ವಂಶ ಎಂದರೆ ಮುಂದೆ 1861ರಲ್ಲಿ ಒಂದಾದ ಇಟಲಿಗೆ ಅರಸರನ್ನು ಕೊಟ್ಟ ಅದೇ ವಂಶ.

1191ರಲ್ಲಿ ಸವಾಯ್ ಕೌಂಟ್ ಒಂದನೇ ಥಾಮಸ್ ಆವೊಸ್ತಾದ ಜನರಿಗೆ ಒಂದು ಸನದು ಬರೆದುಕೊಟ್ಟ. ಅದು ಪ್ರಜೆಗಳಿಗೆ ಕೆಲವು ಹಕ್ಕುಗಳನ್ನೂ ರಕ್ಷಣೆಯನ್ನೂ ಕೊಟ್ಟಿತು. ಅದರ ಹಿಂದೆಯೇ ಒಂದು ವಿಚಿತ್ರವಾದ ಪದ್ಧತಿ ಬೆಳೆಯಿತು. ಕೆಲವು ವರ್ಷಗಳಿಗೊಮ್ಮೆ ಸವಾಯ್ ಕೌಂಟ್ ಸ್ವತಃ ಕಣಿವೆಗೆ ಬಂದು ದರ್ಬಾರು ನಡೆಸುತ್ತಿದ್ದ. ಜನರ ದೂರುಗಳನ್ನು ಕೇಳಿ ನ್ಯಾಯ ತೀರ್ಮಾನಿಸುತ್ತಿದ್ದ. ಅವನು ಅಲ್ಲಿರುವಷ್ಟು ದಿನ ಕಣಿವೆಯ ದೊರೆಗಳೆಲ್ಲ ತಮ್ಮ ಕೋಟೆಗಳ ಬೀಗದ ಕೈಯನ್ನು ಅವನಿಗೆ ಒಪ್ಪಿಸಬೇಕಿತ್ತು. ದರ್ಬಾರು ಮುಗಿದ ಮೇಲೆ ಮರಳಿ ಪಡೆಯುವುದು. ನಿಮ್ಮ ಗೋಡೆ ಎಷ್ಟೇ ಎತ್ತರವಿರಲಿ, ಒಡೆಯ ನಾನು ಎಂದು ಸಾರುವ ರೀತಿ ಇದು.

1295ರಲ್ಲಿ ಶಲ್ಲಾಂ ಮನೆತನದವರು ವೈಕೌಂಟ್ ಪದವಿಯನ್ನೇ ಸವಾಯ್ ದೊರೆಗೆ ಬಿಟ್ಟುಕೊಟ್ಟರು. ಬದಲಿಗೆ ಬೇರೆ ಜಹಗೀರುಗಳು ಸಿಕ್ಕವು. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಈ ಮನೆತನದ ಅತಿ ಭವ್ಯವಾದ ಕಟ್ಟಡಗಳೆಲ್ಲ ಪದವಿ ಹೋದ ನಂತರದವು. ಹದಿನಾಲ್ಕನೇ ಶತಮಾನದಲ್ಲಿ ಐಮೋನೆ ಎಂಬವನು ಫೆನಿಸ್‌ನ ಹಳೆಯ ಗೋಪುರದ ಸುತ್ತ ಕಟ್ಟಡ ಬೆಳೆಸಿದ. ಅವನ ಮಗ ಬೊನಿಫಾಚೊ ಸವಾಯ್ ಸೈನ್ಯದ ಮಾರ್ಷಲ್ ಆಗಿದ್ದವನು. 1390ರ ದಶಕದಲ್ಲಿ ಅವನು ಒಳಾಂಗಣದ ಮೆಟ್ಟಿಲು, ಮರದ ಜಗಲಿಗಳನ್ನು ಕಟ್ಟಿಸಿದ. ಅದೇ ವೇಳೆಗೆ, 1390ರಲ್ಲಿ, ಮನೆತನದ ಇನ್ನೊಂದು ಶಾಖೆಯ ಇಬ್ಲೆಟೊ ಕಣಿವೆಯ ಕೆಳಭಾಗದ ವೆರ್ರೆಸ್‌ನಲ್ಲಿ ಬಂಡೆಯ ಮೇಲೆ, ಪ್ರತಿ ಬದಿಯೂ ಸುಮಾರು 30 ಮೀಟರ್ ಇರುವ ಘನಾಕಾರದ ಕೋಟೆಯನ್ನು ಮುಗಿಸಿದ. ಅಧಿಕಾರದ ಮುದ್ರೆ ಕೈಯಲ್ಲಿದ್ದವನಿಗೆ ಅದನ್ನು ಕಲ್ಲಿನಲ್ಲಿ ಬರೆದು ತೋರಿಸುವ ಅಗತ್ಯ ಕಡಿಮೆ. ಮುದ್ರೆ ಕೈಬಿಟ್ಟವನಿಗೆ ಹೆಚ್ಚು. ಇದು ನನ್ನ ಊಹೆ. ಆದರೆ ಫೆನಿಸ್‌ನ ಮುಂದೆ ನಿಂತವರಿಗೆ ಈ ಊಹೆ ಅಷ್ಟೇನೂ ದೂರದ್ದು ಅನ್ನಿಸಲಾರದು.

ಇದರೊಂದಿಗೆ ಭಾಷೆಯ ಒಂದು ತೊಡಕನ್ನೂ ಬಿಡಿಸಿಕೊಳ್ಳಬೇಕು. ಇಟಾಲಿಯನ್ನರ ‘ಕಸ್ಟೆಲ್ಲೊ’, ಫ್ರೆಂಚರ ‘ಶಾಟೊ’ ಎಂಬ ಮಾತನ್ನು ನಾವು ಕೋಟೆ ಎನ್ನುತ್ತೇವೆ. ನಮ್ಮಲ್ಲಿ ಕೋಟೆ ಬೇರೆ, ಅರಮನೆ ಬೇರೆ, ದೇಸಾಯರ ವಾಡೆ ಬೇರೆ, ಕಂದಾಯದ ಕಚೇರಿ ಬೇರೆ. ಅವರ ಕಸ್ಟೆಲ್ಲೊ ಈ ನಾಲ್ಕೂ ಕೂಡಿದ್ದು. ದೊರೆ ಅಲ್ಲೇ ವಾಸ ಮಾಡುತ್ತಾನೆ, ಅಲ್ಲೇ ನ್ಯಾಯ ಹೇಳುತ್ತಾನೆ. ರೈತರು ತೆರಿಗೆಯ ಧಾನ್ಯವನ್ನು ಅಲ್ಲಿಗೇ ತಂದು ಅಳೆಯುತ್ತಾರೆ. ಹಾಗೆ ನೋಡಿದರೆ ಫೆನಿಸ್‌ನ ಜಾಗ ಸರಿಯಾಗಿಯೇ ಇದೆ. ಕಚೇರಿಯನ್ನು ಬೆಟ್ಟದ ತುದಿಯಲ್ಲಿ ಇಟ್ಟರೆ ಧಾನ್ಯದ ಮೂಟೆ ಹೊರುವವರು ಯಾರು? ಗೋಡೆ, ಬುರುಜು, ತೆನೆಗಳು ಒಂದು ಮಟ್ಟಿಗೆ ಕಾವಲಿಗೆ, ಬಹುಮಟ್ಟಿಗೆ ನೋಡುವವರ ಕಣ್ಣಿಗೆ.

ಗಟ್ಟಿ ಗೋಡೆಯೂ ತಡೆಯಲಾರದ ಶತ್ರು ಒಂದಿದೆ. ಅದು ಮನೆಯೊಳಗಿನ ಜಗಳ. 1442ರಲ್ಲಿ ಮನೆತನದ ಹಿರಿಯ ಫ್ರಾಂಚೆಸ್ಕೊ ಗಂಡುಮಕ್ಕಳಿಲ್ಲದೆ ಸತ್ತ. ಆಸ್ತಿ ಹೆಣ್ಣುಮಕ್ಕಳಿಗೆ ಸಲ್ಲಬೇಕೆಂದು ಅವನ ಇಚ್ಛೆ. ಹೆಣ್ಣಿಗೆ ಜಹಗೀರು ಸಲ್ಲದು ಎಂದು ದಾಯಾದಿಗಳ ವಾದ. ಮಗಳು ಕ್ಯಾಥರೀನ್ ಬಗ್ಗಲಿಲ್ಲ. ಗಂಡನೊಂದಿಗೆ ಕೋಟೆಗಳನ್ನು ಹಿಡಿದು ವರ್ಷಗಟ್ಟಲೆ ಹೋರಾಡಿದಳು. ಗಂಡ ಹೊಂಚುದಾಳಿಯಲ್ಲಿ ಸತ್ತ. 1456ರಲ್ಲಿ ಅವಳು ಸವಾಯ್ ದೊರೆಗೆ ಶರಣಾಗಬೇಕಾಯಿತು. ಆಸ್ತಿ ಗಂಡು ದಾಯಾದಿಗೆ ಹೋಯಿತು. ಆದರೆ ಕಣಿವೆಯ ಜನ ಇಂದಿಗೂ ನೆನೆಯುವುದು ಗೆದ್ದವನನ್ನಲ್ಲ. ಕ್ಯಾಥರೀನ್ ಒಮ್ಮೆ ವೆರ್ರೆಸ್ ಊರ ಚೌಕಕ್ಕೆ ಇಳಿದು ಬಂದು ಸಾಮಾನ್ಯ ಜನರ ಜೊತೆ ಕುಣಿದಳಂತೆ. ಅದರ ನೆನಪಿಗೆ ವೆರ್ರೆಸ್‌ನಲ್ಲಿ ಪ್ರತಿವರ್ಷ ಉತ್ಸವ ನಡೆಯುತ್ತದೆ.

ಒಳಗೆ ಕಾಲಿಟ್ಟರೆ

ಈಗ ಫೆನಿಸ್‌ನ ಒಳಕ್ಕೆ ಹೋಗೋಣ. ಹೊರಗೋಡೆಯ ಬಾಗಿಲು ದಾಟಿದರೆ ಎರಡನೇ ಗೋಡೆ. ಎರಡರ ನಡುವೆ ಕಿರಿದಾದ ಅಂಗಳ. ಮೇಲೆ ಕಾವಲುಗಾರರು ಸುತ್ತು ಹೊಡೆಯುವ ನಡುದಾರಿ ಬುರುಜಿನಿಂದ ಬುರುಜಿಗೆ ಹೋಗುತ್ತದೆ. ಇಲ್ಲಿಯವರೆಗೆ ಎಲ್ಲವೂ ಬಿರುಸು, ಬರೀ ಕಲ್ಲು. ಒಳಾಂಗಣಕ್ಕೆ ಬಂದೊಡನೆ ಮಾತ್ರ ಬೇರೊಂದು ಲೋಕ.

ನಡುವೆ ಸಣ್ಣ ಅಂಗಳ. ಅದರ ಒಂದು ಬದಿಯಲ್ಲಿ ಅರ್ಧವೃತ್ತಾಕಾರದ ಕಲ್ಲಿನ ಮೆಟ್ಟಿಲು ಬೀಸಣಿಗೆಯಂತೆ ಹರಡಿಕೊಂಡಿದೆ. ಸುತ್ತಲೂ ಎರಡು ಅಂತಸ್ತಿನಲ್ಲಿ ಮರದ ಜಗಲಿಗಳು. ಗೋಡೆಯ ತುಂಬ ಬಣ್ಣದ ಚಿತ್ರಗಳು. ಮೆಟ್ಟಿಲ ನೆತ್ತಿಯಲ್ಲಿ ಕುದುರೆಯೇರಿದ ಸಂತ ಜಾರ್ಜ್ ಡ್ರ್ಯಾಗನ್ನನ್ನು ಈಟಿಯಿಂದ ಇರಿಯುತ್ತಿದ್ದಾನೆ. ಅತಿಥಿ ಮೆಟ್ಟಿಲೇರಿ ಬರುವಾಗ ಅವನ ಕಣ್ಣಿಗೆ ಮೊದಲು ಬೀಳಬೇಕಾದ್ದು ಏನು ಎಂಬುದನ್ನು ಮನೆಯ ಯಜಮಾನ ಚೆನ್ನಾಗಿ ಯೋಚಿಸಿದ್ದಾನೆ. ಕೆಡುಕನ್ನು ಕೊಂದು ದುರ್ಬಲರನ್ನು ಕಾಯುವ ವೀರ. ಈ ಮನೆಯವರು ತಮ್ಮನ್ನು ಹೀಗೆ ಕಾಣಬೇಕೆಂದು ಬಯಸುತ್ತಿದ್ದರು.

ಜಗಲಿಯ ಉದ್ದಕ್ಕೂ ಋಷಿಗಳೂ ಪ್ರವಾದಿಗಳೂ ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರ ಕೈಯಲ್ಲೂ ಬಿಚ್ಚಿದ ಸುರುಳಿ. ಅದರಲ್ಲಿ ಹಳೆಯ ಫ್ರೆಂಚ್ ಭಾಷೆಯಲ್ಲಿ ಬರೆದ ನೀತಿಮಾತುಗಳು. ಲ್ಯಾಟಿನ್ ಅಲ್ಲ, ಫ್ರೆಂಚ್. ಎಂದರೆ ಇವು ಪಾದ್ರಿಗಳಿಗಲ್ಲ, ಮನೆಗೆ ಬಂದು ಹೋಗುವ ಲೌಕಿಕರಿಗೆ. ಅಂಗಳದಲ್ಲಿ ಕಾಯುತ್ತ ನಿಂತವರಿಗೆ ಓದಲು ಇದಕ್ಕಿಂತ ಒಳ್ಳೆಯ ಪುಸ್ತಕ ಬೇಡ. ಈ ಸುರುಳಿಗಳ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಎದುರು ಗೋಡೆಯಲ್ಲಿ ಬಾಲ ಯೇಸುವನ್ನು ಹೆಗಲ ಮೇಲೆ ಹೊತ್ತು ನದಿ ದಾಟಿಸುವ ಸಂತ ಕ್ರಿಸ್ಟೊಫರ್ ಇದ್ದಾನೆ. ಅವನು ಪ್ರಯಾಣಿಕರನ್ನು ಕಾಯುವವನು. ಅವನ ಚಿತ್ರವನ್ನು ನೋಡಿದ ದಿನ ಅಕಾಲ ಮರಣವಿಲ್ಲ ಎಂಬ ನಂಬಿಕೆ ಮಧ್ಯಯುಗದಲ್ಲಿ ವ್ಯಾಪಕವಾಗಿತ್ತು. ಆದ್ದರಿಂದಲೇ ಆ ಕಾಲದ ಕಟ್ಟಡಗಳಲ್ಲಿ ಅವನನ್ನು ದೂರದಿಂದಲೂ ಕಾಣುವಂತೆ ದೊಡ್ಡದಾಗಿ ಬರೆಯುತ್ತಿದ್ದರು. ಮುಂದೆ ಹಿಮದ ಘಟ್ಟ ಹತ್ತಬೇಕಾದವನಿಗೆ ಈ ಚಿತ್ರ ಅಲಂಕಾರವಲ್ಲ, ಧೈರ್ಯ.

ಚಿತ್ರಗಳ ಬಹುಪಾಲು ಹದಿನೈದನೇ ಶತಮಾನದ ಮೊದಲ ದಶಕಗಳವು. ಅವನ್ನು ಟೂರಿನ್‌ನ ಜಾಕೊಮೊ ಜಾಕ್ವೇರಿಯೊ ಮತ್ತು ಅವನ ಜೊತೆಗಾರರ ಕುಂಚಕ್ಕೆ ಸಂಬಂಧಿಸಿದ್ದೆಂದು ವಿದ್ವಾಂಸರು ಹೇಳುತ್ತಾರೆ. ಜಾಕ್ವೇರಿಯೊ ಸವಾಯ್ ಆಸ್ಥಾನಕ್ಕೆ ಕೆಲಸ ಮಾಡಿದ ಕಲಾವಿದ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಈ ವಿಧಾನಕ್ಕೆ ಫ್ರೆಸ್ಕೊ ಎಂದು ಹೆಸರು. ಗಾರೆ ಒಣಗುವಾಗ ಅದರ ಸುಣ್ಣವು ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಅಂದಂದು ಬರೆಯುವಷ್ಟಕ್ಕೇ ಗಾರೆ ಬಳಿಯಬೇಕು, ಅದು ಒಣಗುವ ಮೊದಲು ಬರೆದು ಮುಗಿಸಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಆರು ನೂರು ವರ್ಷಗಳ ಚಳಿ, ಬಿಸಿಲು ಕಂಡ ಅಂಗಳದಲ್ಲಿ ಇಷ್ಟಾದರೂ ಉಳಿದಿರುವುದು ಈ ವಿಧಾನದ ಗುಣದಿಂದ.

ನೆಲ ಅಂತಸ್ತಿನಲ್ಲಿ ಸೈನಿಕರ ಊಟದ ಕೋಣೆ, ಉಗ್ರಾಣ, ಅಡುಗೆಮನೆ, ತೆರಿಗೆ ವಸೂಲಿಯವನ ಕೋಣೆ. ಮೇಲಿನ ಅಂತಸ್ತಿನಲ್ಲಿ ಯಜಮಾನರ ಕೋಣೆಗಳು ಮತ್ತು ದೊಡ್ಡ ಹಜಾರ. ಹಜಾರದ ಒಂದು ತುದಿಯೇ ಪ್ರಾರ್ಥನಾ ಮಂದಿರ. ಅಲ್ಲಿ ಮಾತೆ ಮರಿಯಳು ತನ್ನ ಮೇಲುವಸ್ತ್ರವನ್ನು ಅಗಲವಾಗಿ ಹರಡಿದ್ದಾಳೆ. ಅದರ ನೆರಳಿನಲ್ಲಿ ಒಂದು ಕಡೆ ಧರ್ಮಗುರುಗಳು, ಇನ್ನೊಂದು ಕಡೆ ಲೌಕಿಕರು. ಪೋಪನಿಂದ ಹಿಡಿದು ಸಾಮಾನ್ಯರವರೆಗೆ ಎಲ್ಲರಿಗೂ ಒಂದೇ ಸೆರಗು. ಕೆಳಗೆ ತೆರಿಗೆಯ ಲೆಕ್ಕ, ಮೇಲೆ ಕರುಣೆಯ ಸೆರಗು. ಆ ಕಾಲದವರಿಗೆ ಇವೆರಡು ಒಂದೇ ಸೂರಿನಡಿ ಇರುವುದು ವಿಚಿತ್ರವೆನಿಸಲಿಲ್ಲ.

ಅಡುಗೆಯವರು, ಕುದುರೆ ನೋಡುವವರು, ಧಾನ್ಯ ತಂದವರು ಫೆನಿಸ್‌ನ ಚಿತ್ರಗಳಲ್ಲಿ ಕಾಣುವುದಿಲ್ಲ. ಅವರನ್ನು ನೋಡಬೇಕಾದರೆ ಕಣಿವೆಯಲ್ಲಿ ಸ್ವಲ್ಪ ಕೆಳಗಿಳಿದು ಇಸ್ಸೋನ್‌ಗೆ ಹೋಗಬೇಕು. ಅಲ್ಲಿ ಸುಮಾರು 1490ರಿಂದ 1510ರ ಅವಧಿಯಲ್ಲಿ ಜಾರ್ಜೊ ದಿ ಶಲ್ಲಾಂ ಎಂಬ ಧರ್ಮಾಧಿಕಾರಿ ತನ್ನ ಬಂಧುಗಳಿಗಾಗಿ ಮನೆಯೊಂದನ್ನು ಕಟ್ಟಿಸಿದ. ಅಂಗಳದ ನಡುವೆ ಕಬ್ಬಿಣದಲ್ಲಿ ಮಾಡಿದ ದಾಳಿಂಬೆ ಗಿಡದ ಕಾರಂಜಿ. ಪಡಸಾಲೆಯ ಕಮಾನುಗಳಲ್ಲಿ ಪೇಟೆಯ ಬದುಕು. ದರ್ಜಿ ಬಟ್ಟೆ ಕತ್ತರಿಸುತ್ತಾನೆ. ಔಷಧದ ಅಂಗಡಿಯಲ್ಲಿ ಭರಣಿಗಳ ಸಾಲು, ಹರಕು ಬಟ್ಟೆಯ ಆಳು ಒರಳಲ್ಲಿ ಏನನ್ನೋ ಕುಟ್ಟುತ್ತಿದ್ದಾನೆ. ತರಕಾರಿ ಸಂತೆ ನೆರೆದಿದೆ. ಕಾವಲು ಕೋಣೆಯಲ್ಲಿ ಆಯುಧಗಳು ಗೋಡೆಗೆ ತೂಗುತ್ತಿವೆ, ಸೈನಿಕರು ಜೂಜಿನಲ್ಲಿ ಮುಳುಗಿದ್ದಾರೆ. ಒಂದು ಅಂಗಡಿಯಲ್ಲಿ ಜೋಡಿಸಿಟ್ಟ ಗಿಣ್ಣಿನ ಚಕ್ರಗಳನ್ನು ತೋರಿಸಿ, ಇವು ನಮ್ಮ ಫೊಂಟಿನಾ ಗಿಣ್ಣೇ ಎಂದು ಕಣಿವೆಯವರು ಇಂದಿಗೂ ಹೆಮ್ಮೆಪಡುತ್ತಾರೆ. ಇಲ್ಲಿ ಕೋಟೆಯ ವೇಷವೂ ಉಳಿದಿಲ್ಲ. ಹೊರಗಿನಿಂದ ನೋಡಿದರೆ ದೊಡ್ಡ ಮನೆ, ಅಷ್ಟೇ. ಒಂಟಿ ಗೋಪುರದಿಂದ ಘನವಾದ ಕೋಟೆಗೆ, ಅಲ್ಲಿಂದ ವಾಸದ ಅರಮನೆಗೆ ಬಂದ ದಾರಿಯನ್ನು ಒಂದೇ ದಿನದ ಪ್ರಯಾಣದಲ್ಲಿ ಕಾಣಬಹುದು.

ದನ ಕಟ್ಟಿದ ಕಾಲ

ಫೆನಿಸ್ ಶಲ್ಲಾಂ ಮನೆತನದ ಕೈಯಲ್ಲಿ ಹದಿನೆಂಟನೇ ಶತಮಾನದವರೆಗೆ ಇತ್ತು. 1716ರಲ್ಲಿ ಅದನ್ನು ಮಾರಬೇಕಾಯಿತು. ಕೊಂಡವರಿಗೆ ಅದರಲ್ಲಿ ವಾಸ ಮಾಡುವ ಮನಸ್ಸಿರಲಿಲ್ಲ. ಮುಂದಿನ ಸುಮಾರು ನೂರೆಂಬತ್ತು ವರ್ಷಗಳಲ್ಲಿ ಕೋಟೆ ರೈತರ ಮನೆಯಾಯಿತು, ದನದ ಕೊಟ್ಟಿಗೆಯಾಯಿತು, ಹುಲ್ಲಿನ ಕಣಜವಾಯಿತು. ಸಂತ ಜಾರ್ಜ್ ಡ್ರ್ಯಾಗನ್ನನ್ನು ಕೊಲ್ಲುತ್ತಿದ್ದ ಅಂಗಳದ ಸುತ್ತ ದನಗಳು ಮೆಲುಕು ಹಾಕುತ್ತಿದ್ದವು.

ಕೋಟೆಯ ಬಗ್ಗೆ ಬರೆಯುವವರೆಲ್ಲ ಈ ಘಟ್ಟದಲ್ಲಿ ನಿಟ್ಟುಸಿರು ಬಿಡುತ್ತಾರೆ. ನನಗೆ ಇದನ್ನು ಇನ್ನೊಂದು ಬದಿಯಿಂದ ನೋಡಬೇಕೆನಿಸುತ್ತದೆ. ಇದೇ ಕಣಿವೆಯಲ್ಲಿ ಕ್ಲೀ, ಗ್ರೇನ್ ಎಂಬ ಹಳೆಯ ಕೋಟೆಗಳಿವೆ. ಎರಡೂ ಎತ್ತರದಲ್ಲಿ, ಆಯಕಟ್ಟಿನ ಜಾಗದಲ್ಲಿ ಇರುವಂಥವು. ಕೋಟೆಗೆ ಇರಬೇಕಾದ ಲಕ್ಷಣ ಅವಕ್ಕೇ ಹೆಚ್ಚು. ಇಂದು ಅವು ಪಾಳು. ಯುದ್ಧದ ಅಗತ್ಯ ಮುಗಿದ ಮೇಲೆ ಬೆಟ್ಟ ಹತ್ತಿ ಅಲ್ಲಿಗೆ ಹೋಗುವವರು ಯಾರು? ಫೆನಿಸ್ ಹೊಲದ ಪಕ್ಕದಲ್ಲಿತ್ತು. ಹುಲ್ಲು ಒಣಗಿರಬೇಕಾದರೆ ಮಾಡು ಸೋರಬಾರದು. ಮಾಡು ನಿಂತರೆ ಗೋಡೆ ನಿಲ್ಲುತ್ತದೆ. ಗೋಡೆ ನಿಂತರೆ ಅದರ ಮೇಲಿನ ಚಿತ್ರವೂ ಒಂದಿಷ್ಟು ಉಳಿಯುತ್ತದೆ. ರೈತ ಕಲೆಯನ್ನು ಕಾಪಾಡಬೇಕೆಂದು ಏನೂ ಮಾಡಿರಲಿಕ್ಕಿಲ್ಲ. ಆದರೆ ಬಳಕೆಯಲ್ಲಿರುವ ಕಟ್ಟಡ ಹಾಳಾಗುವ ವೇಗಕ್ಕೂ ಬಿಟ್ಟುಹೋದ ಕಟ್ಟಡ ಹಾಳಾಗುವ ವೇಗಕ್ಕೂ ಅಜಗಜಾಂತರ. ಬೆಟ್ಟದ ಮೇಲಿನ ಬಲಿಷ್ಠ ಕೋಟೆ ಕುಸಿಯಿತು. ಬಯಲಿನ ದುರ್ಬಲ ಕೋಟೆ ಉಳಿಯಿತು.

ನಕಲು ಉಳಿಸಿದ ಅಸಲು

ಹತ್ತೊಂಬತ್ತನೇ ಶತಮಾನದ ಯೂರೋಪಿಗೆ ಮಧ್ಯಯುಗದ ಹುಚ್ಚು ಹಿಡಿದಿತ್ತು. ಆಲ್ಪ್ಸ್‌ನ ಉತ್ತರಕ್ಕೆ, ಬವೇರಿಯಾದ ಅರಸ ಎರಡನೇ ಲುಡ್‌ವಿಗ್ 1869ರಲ್ಲಿ ನೊಯ್‌ಶ್ವಾನ್‌ಸ್ಟೈನ್ ಎಂಬ ಕನಸಿನ ಕೋಟೆಯನ್ನು ಹೊಸದಾಗಿ ಕಟ್ಟಲು ತೊಡಗಿದ. ಕ್ಯಾಲೆಂಡರುಗಳಲ್ಲಿ, ಚಾಕೊಲೇಟ್ ಡಬ್ಬಿಗಳ ಮೇಲೆ ನಾವು ಕಾಣುವ ಬಿಳಿ ಗೋಪುರಗಳು ಅದರದ್ದೇ. ಸುಂದರವಾದದ್ದು ನಿಜ. ಮಧ್ಯಯುಗದ್ದು ಮಾತ್ರ ಅಲ್ಲ.

ಅದೇ ಕಾಲದಲ್ಲಿ ಟೂರಿನ್‌ನ ಕೆಲವು ಗೆಳೆಯರು ಬೇರೆ ದಾರಿ ಹಿಡಿದರು. ಅವರಲ್ಲಿ ಒಬ್ಬ ಅಲ್‌ಫ್ರೆಡೊ ದಾಂದ್ರಾದೆ. 1839ರಲ್ಲಿ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಹುಟ್ಟಿ ಇಟಲಿಯಲ್ಲಿ ನೆಲೆಸಿದ ಚಿತ್ರಕಾರ. ಇನ್ನೊಬ್ಬ ವಿತ್ತೋರಿಯೊ ಅವೊಂಡೊ, ಅವನೂ ಚಿತ್ರಕಾರ. ಇವರ ಬಳಗದಲ್ಲೇ ಇದ್ದವನು ಸಾಹಿತಿ ಜುಸೆಪ್ಪೆ ಜಾಕೋಸಾ. ಪುಚ್ಚೀನಿಯ ‘ಲಾ ಬೊಹೆಮ್’, ‘ಟೋಸ್ಕಾ’ ಗೀತನಾಟಕಗಳ ಸಾಹಿತ್ಯದಲ್ಲಿ ಕೈ ಜೋಡಿಸಿದವನು. ಆವೊಸ್ತಾದ ಕೋಟೆಗಳ ಮೇಲೆ ಅವನು ಪುಸ್ತಕವನ್ನೇ ಬರೆದ.

1872ರಲ್ಲಿ ಅವೊಂಡೊ ತನ್ನ ಹಣದಿಂದ ಇಸ್ಸೋನ್ ಕೋಟೆಯನ್ನು ಕೊಂಡ. ಚದುರಿಹೋಗಿದ್ದ ಹಳೆಯ ಪೀಠೋಪಕರಣಗಳನ್ನು ಹುಡುಕಿ ತಂದ, ಸಿಗದವಕ್ಕೆ ನಕಲು ಮಾಡಿಸಿದ. 1907ರಲ್ಲಿ ಎಲ್ಲವನ್ನೂ ಸರ್ಕಾರಕ್ಕೆ ದಾನ ಮಾಡಿದ.

ದಾಂದ್ರಾದೆಯ ದಾರಿ ಇನ್ನೂ ಕುತೂಹಲದ್ದು. 1884ರಲ್ಲಿ ಟೂರಿನ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ಏರ್ಪಟ್ಟಿತು. ಅದರ ಅಂಗವಾಗಿ ಪೋ ನದಿಯ ದಂಡೆಯ ಉದ್ಯಾನದಲ್ಲಿ ಮಧ್ಯಯುಗದ ಒಂದು ಹಳ್ಳಿಯನ್ನೂ ಕೋಟೆಯನ್ನೂ ಕಟ್ಟಬೇಕೆಂದು ದಾಂದ್ರಾದೆ ಮತ್ತು ಸಂಗಡಿಗರು ನಿಶ್ಚಯಿಸಿದರು. ಕಲ್ಪನೆಯಿಂದ ಅಲ್ಲ. ಪೀಡ್‌ಮಾಂಟ್ ಮತ್ತು ಆವೊಸ್ತಾದಲ್ಲಿ ಆಗ ನಿಂತಿದ್ದ ನಿಜ ಕಟ್ಟಡಗಳ ಒಂದೊಂದು ಭಾಗವನ್ನು ಅಳೆದು, ಬರೆದುಕೊಂಡು, ಹಾಗೆಯೇ ಕಟ್ಟುವುದು. ಅಲ್ಲಿನ ಕೋಟೆಯ ಒಳಾಂಗಣಕ್ಕೆ ಫೆನಿಸ್ ಮಾದರಿಯಾಯಿತು. ಇಸ್ಸೋನ್‌ನ ದಾಳಿಂಬೆ ಕಾರಂಜಿಯ ನಕಲೂ ಬಂತು. ಅಂಗಡಿಗಳಲ್ಲಿ ಕುಶಲಕರ್ಮಿಗಳು ಕುಳಿತು ಕೆಲಸ ಮಾಡಿದರು. ಪ್ರದರ್ಶನ ಮುಗಿದ ಮೇಲೆ ಕಿತ್ತುಹಾಕಬೇಕಿದ್ದ ಹಳ್ಳಿಯನ್ನು ಟೂರಿನ್ ನಗರವೇ ಕೊಂಡು ಉಳಿಸಿಕೊಂಡಿತು.

ನಕಲು ಮಾಡಬೇಕಾದರೆ ಅಸಲನ್ನು ಚೆನ್ನಾಗಿ ನೋಡಬೇಕು. ನೋಡಲು ಹೋದವರಿಗೆ ಅಸಲು ಕುಸಿಯುತ್ತಿರುವುದು ಕಂಡಿತು. ಪ್ರದರ್ಶನಕ್ಕೆ ಬಂದ ಸಾಮಾನ್ಯ ಜನರಿಗೂ ತಮ್ಮ ಸೀಮೆಯ ಹಳೆಯ ಗೋಡೆಗಳಿಗೆ ಬೆಲೆಯಿದೆ ಎಂಬುದು ಮೊದಲ ಬಾರಿಗೆ ಅರಿವಾಯಿತು. 1895ರಲ್ಲಿ ದಾಂದ್ರಾದೆ ಫೆನಿಸ್ ಕೋಟೆಯನ್ನು ಕೊಂಡು, ದುರಸ್ತಿ ಆರಂಭಿಸಿ, ಸರ್ಕಾರದ ವಶಕ್ಕೆ ಒಪ್ಪಿಸಿದ. ಕೊಟ್ಟಿಗೆ ಮತ್ತೆ ಕೋಟೆಯಾಯಿತು. ಈ ಲೆಕ್ಕದಲ್ಲಿ ನಕಲೇ ಅಸಲನ್ನು ಉಳಿಸಿತು ಎನ್ನಬೇಕು.

ಗೋಡೆಯ ಭಾಷೆ, ಶಾಲೆಯ ಭಾಷೆ

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಫೆನಿಸ್‌ನ ಎರಡನೇ ದುರಸ್ತಿ 1935ರಲ್ಲಿ ಆರಂಭವಾಯಿತು. ಅದು ಮುಸ್ಸೊಲಿನಿಯ ಕಾಲ. ಅದರ ಹಿಂದಿದ್ದವನು ಫ್ಯಾಸಿಸ್ಟ್ ಸರ್ಕಾರದಲ್ಲಿ ಆಗ ಶಿಕ್ಷಣ ಸಚಿವನಾಗಿದ್ದ ದೆ ವೆಕ್ಕಿ. ಕೆಲಸ ನಡೆಸಿದವನು ವಿತ್ತೋರಿಯೊ ಮೆಸ್ತುರೀನೊ. ಇಂದು ನಾವು ಕಾಣುವ ಫೆನಿಸ್‌ನ ರೂಪ ಬಹುಮಟ್ಟಿಗೆ ಈ ದುರಸ್ತಿಯದ್ದು. ಕೋಣೆಗಳಲ್ಲಿರುವ ಪೆಟ್ಟಿಗೆ, ಮಂಚ, ಬೆಂಚುಗಳು ಹಳೆಯ ಕಾಲದವು ನಿಜ, ಆದರೆ ಈ ಕೋಟೆಯವಲ್ಲ, ಬೇರೆಡೆಯಿಂದ ತಂದು ಇರಿಸಿದವು.

ಆವೊಸ್ತಾ ಕಣಿವೆಯ ಜನರ ಮನೆಮಾತು ಫ್ರಾಂಕೊ-ಪ್ರೊವೆನ್ಸಾಲ್. ಶತಮಾನಗಳಿಂದ ಬರವಣಿಗೆಯ ಭಾಷೆ ಫ್ರೆಂಚ್. ಫ್ಯಾಸಿಸ್ಟ್ ಸರ್ಕಾರಕ್ಕೆ ಇದು ಸಹ್ಯವಾಗಲಿಲ್ಲ. 1920ರ ದಶಕದಿಂದಲೇ ಕಣಿವೆಯ ಶಾಲೆಗಳಿಂದ ಫ್ರೆಂಚನ್ನು ಹೊರಹಾಕಲಾಯಿತು. ಈಗ ಅಂಗಳದ ಆ ಸುರುಳಿಗಳನ್ನು ನೆನಪಿಸಿಕೊಳ್ಳಿ. ಕೋಟೆಯ ಗೋಡೆಯ ಮೇಲಿನ ಹಳೆಯ ಫ್ರೆಂಚ್ ಅಕ್ಷರಗಳನ್ನು ಸರ್ಕಾರ ಹಣ ಖರ್ಚು ಮಾಡಿ ಜೋಪಾನ ಮಾಡುತ್ತಿದ್ದಾಗ, ಅದೇ ಊರಿನ ಮಕ್ಕಳು ಆ ಭಾಷೆಯನ್ನು ಶಾಲೆಯಲ್ಲಿ ಓದುವಂತಿರಲಿಲ್ಲ. ಸತ್ತವರ ಫ್ರೆಂಚ್ ಪರಂಪರೆ, ಬದುಕಿರುವವರ ಫ್ರೆಂಚ್ ಅಪರಾಧ. ಗೋಡೆಯನ್ನು ಉಳಿಸಿಯೂ ಅದು ಆಡುವ ಮಾತನ್ನು ಕಳೆಯಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಯುದ್ಧ ಮುಗಿದ ಮೇಲೆ, 1948ರಲ್ಲಿ, ಆವೊಸ್ತಾ ಕಣಿವೆಗೆ ವಿಶೇಷ ಸ್ವಾಯತ್ತತೆ ಸಿಕ್ಕಿತು. ಫ್ರೆಂಚ್‌ಗೆ ಇಟಾಲಿಯನ್‌ನೊಂದಿಗೆ ಸಮಾನ ಸ್ಥಾನ ಬಂತು. ಕೋಟೆ ಇಂದು ಪ್ರಾಂತೀಯ ಸರ್ಕಾರದ ಸ್ವತ್ತು. ಸುರುಳಿಗಳನ್ನು ಓದಲು ಹೊಸ ತಲೆಮಾರು ಮತ್ತೆ ಕಲಿಯಿತು.

ಹಾಗಾದರೆ ಫೆನಿಸ್‌ನಲ್ಲಿ ಯಾವುದು ಅಸಲು? ಐಮೋನೆಯ ಗೋಡೆಯೇ, ಜಾಕ್ವೇರಿಯೊ ಬಳಗದ ಬಣ್ಣವೇ, 1930ರ ದಶಕದ ತೆನೆಗಳೇ? ಎಲ್ಲವೂ ಇದೆ, ಒಂದರ ಮೇಲೊಂದು. ಅಲ್ಲಿಗೆ ಹೋಗುವವರಿಗೆ ನನ್ನ ಸಲಹೆ ಇಷ್ಟೇ. ಮಾರ್ಗದರ್ಶಿ ‘ಇದು ಹದಿನಾಲ್ಕನೇ ಶತಮಾನದ್ದು’ ಎಂದಾಗ, ಅದನ್ನು ಹತ್ತೊಂಬತ್ತನೇ ಮತ್ತು ಇಪ್ಪತ್ತನೇ ಶತಮಾನಗಳಲ್ಲಿ ಯಾರು ಮುಟ್ಟಿದರು ಎಂದೂ ಕೇಳಿ.

ಇಸ್ಸೋನ್‌ಗೂ ಹೋದರೆ ಪಡಸಾಲೆಯ ಮತ್ತು ಕೋಣೆಗಳ ಗೋಡೆಗಳನ್ನು ಹತ್ತಿರದಿಂದ ನೋಡಿ. ಚಿತ್ರಗಳ ನಡುವೆ, ಅಂಚಿನಲ್ಲಿ, ಮೊಳೆಯಿಂದಲೋ ಚಾಕುವಿನಿಂದಲೋ ಗೀಚಿದ ನೂರಾರು ಸಾಲುಗಳಿವೆ. ಬಂದು ಹೋದ ಅತಿಥಿಗಳು, ಮನೆಯ ಆಳುಗಳು, ಸೈನಿಕರು ಫ್ರೆಂಚ್‌ನಲ್ಲಿ, ಲ್ಯಾಟಿನ್‌ನಲ್ಲಿ ಬರೆದವು. ಪ್ರೀತಿಯ ಗೋಳು, ಹಣದ ಚಿಂತೆ, ಬದುಕಿನ ಬೇಸರ, ಯಜಮಾನ ತೀರಿಕೊಂಡ ಸುದ್ದಿ. ಇಂದು ಯಾರಾದರೂ ಸ್ಮಾರಕದ ಮೇಲೆ ಹೆಸರು ಕೆತ್ತಿದರೆ ದಂಡ ಹಾಕಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಐದು ನೂರು ವರ್ಷ ಹಳೆಯ ಈ ಗೀಚುಗಳನ್ನು ವಿದ್ವಾಂಸರು ಒಂದೊಂದಾಗಿ ಓದಿ ದಾಖಲಿಸಿದ್ದಾರೆ. ಏಕೆಂದರೆ ಶಲ್ಲಾಂ ಮನೆತನದವರು ತಾವು ಹೇಗೆ ಕಾಣಬೇಕೆಂದು ಬಯಸಿದರೋ ಅದನ್ನು ಕಲಾವಿದರಿಂದ ಬರೆಸಿದರು. ಉಳಿದವರಿಗೆ ಕಲಾವಿದರು ಇರಲಿಲ್ಲ. ಅವರ ಪಾಲಿಗೆ ಇದ್ದದ್ದು ಒಂದು ಮೊಳೆ ಮತ್ತು ಗೋಡೆಯ ಒಂದು ಮೂಲೆ.